ಲೇತ್‌ಗೆ ವಿಎಫ್‌ಡಿ: ಎಡವುವುದು ಟರ್ಮಿನಲ್ ಬಾಕ್ಸ್‌ನಲ್ಲೇ

ಲೇತ್ ಓಡುತ್ತಿರುವಾಗಲೇ ನಾಬ್ ತಿರುಗಿಸಿ ವೇಗ ಬದಲಿಸುವ ಆಸೆಗೆ ವಿಎಫ್‌ಡಿ (ಮೋಟಾರ್‌ಗೆ ಹೋಗುವ ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ವೇಗ ಹೊಂದಿಸುವ ಪೆಟ್ಟಿಗೆ) ತರುತ್ತಾರೆ. ತಂದು ಹಳೇ ಸಿಂಗಲ್ ಫೇಸ್ ಮೋಟಾರ್‌ಗೇ ಜೋಡಿಸುತ್ತಾರೆ! ಕೆಪಾಸಿಟರ್, ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಹಿಡಿದ ಮೇಲೆ ತಾನೇ ಬಿಟ್ಟುಕೊಳ್ಳುವ ಸ್ವಿಚ್) ಇರುವ ಮೋಟಾರ್ ಇದಕ್ಕೆ ಆಗುವುದಿಲ್ಲ. ವೇಗ ಇಳಿದರೆ ಆ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಡುತ್ತದೆ. ಫ್ಯಾನ್ ರೆಗ್ಯುಲೇಟರ್ ಹಾಕ್ಲಾ ಅಂತ ಕೇಳುವವರಿಗೂ ಉತ್ತರ ಒಂದೇ: ಬೇಡ.

ಹೆಜ್ಜೆ 1: ಪ್ಲೇಟ್ ಮೇಲೆ 230/400 ವೋಲ್ಟ್ ಎಂದಿರುವ ತ್ರೀ ಫೇಸ್ ಮೋಟಾರ್ ತನ್ನಿ. ಹೊರಗೆ ಮೂರೇ ವೈರ್ ಬಂದಿದ್ದರೆ ಬಿಟ್ಟುಬಿಡಿ, ಆರು ಟರ್ಮಿನಲ್ ಬೇಕು.

ಹೆಜ್ಜೆ 2: ಸಿಂಗಲ್ ಫೇಸ್ 230 ವೋಲ್ಟ್ ತೆಗೆದುಕೊಂಡು ತ್ರೀ ಫೇಸ್ 230 ಕೊಡುವ ವಿಎಫ್‌ಡಿ ಆರಿಸಿ.

ಹೆಜ್ಜೆ 3: ಜಾಸ್ತಿ ಜನ ಎಡವುವುದು ಇಲ್ಲೇ. ಮೋಟಾರ್‌ನ ಟರ್ಮಿನಲ್ ಬಾಕ್ಸ್ (ವೈರ್ ಜೋಡಿಸುವ ಪೆಟ್ಟಿಗೆ) ಮುಚ್ಚಳ ತೆಗೆಯಿರಿ. ಎರಡು ಸಾಲಲ್ಲಿ ಆರು ಬೋಲ್ಟ್, ಮೂರನ್ನು ಅಡ್ಡಡ್ಡ ಸೇರಿಸಿರುವ ಹಿತ್ತಾಳೆ ಪಟ್ಟಿಗಳು ಕಾಣುತ್ತವೆ. ಅದು ಸ್ಟಾರ್ ಜೋಡಣೆ, 400 ವೋಲ್ಟ್‌ಗೆ. ಹಾಗೇ ಬಿಟ್ಟರೆ ಮೋಟಾರ್ ಖಾಲಿ ಓಡುವಾಗ ಚೆನ್ನಾಗೇ ತಿರುಗುತ್ತದೆ, ಟೂಲ್ ತಾಗಿಸಿದ ಕೂಡಲೇ ನಿಲ್ಲುತ್ತದೆ. ಟಾರ್ಕ್ (ತಿರುಗಿಸುವ ಬಲ) ಮೂರನೇ ಒಂದಕ್ಕೆ ಇಳಿದಿರುತ್ತದೆ, ಬೈಗುಳ ಮಾತ್ರ ವಿಎಫ್‌ಡಿಗೆ! ಪಟ್ಟಿಗಳನ್ನು ಬಿಚ್ಚಿ ಉದ್ದುದ್ದ ಹಾಕಿ: ಯು1ಗೆ ಡಬ್ಲ್ಯು2, ವಿ1ಗೆ ಯು2, ಡಬ್ಲ್ಯು1ಗೆ ವಿ2. ಇದು ಡೆಲ್ಟಾ, ವಿಎಫ್‌ಡಿ ಕೊಡುವ 230 ವೋಲ್ಟ್‌ಗೆ. ಅಡ್ಡಪಟ್ಟಿ ಒಂದೂ ಉಳಿದಿರಬಾರದು. ಮುಚ್ಚಳದ ಒಳಗಿನ ಚಿತ್ರಕ್ಕೆ ತಾಳೆ ನೋಡಿ, ನಟ್ ಬಿಗಿ ಮಾಡಿ. ಪ್ಲೇಟಿನಲ್ಲಿ ಆಂಪಿಯರ್‌ನ ಎರಡು ಅಂಕಿ ಇರುತ್ತವೆ. ಡೆಲ್ಟಾದ್ದು 1.73 ಪಟ್ಟು ದೊಡ್ಡದು. ವಿಎಫ್‌ಡಿ ಅಷ್ಟು ಕೊಡಬಲ್ಲುದೇ ನೋಡಿ, ಸೆಟ್ಟಿಂಗ್‌ನಲ್ಲೂ ಅದನ್ನೇ ಹಾಕಿ.

ಹೆಜ್ಜೆ 4: ವಿಎಫ್‌ಡಿಯ ಯು, ವಿ, ಡಬ್ಲ್ಯು ನೇರ ಮೋಟಾರ್‌ಗೆ ಹೋಗಲಿ. ನಡುವೆ ಹಳೇ ಫಾರ್ವರ್ಡ್-ರಿವರ್ಸ್ ಸ್ವಿಚ್ ಬೇಡ. ಓಡುವಾಗ ಅದನ್ನು ತಿರುಗಿಸಿದರೆ ಡ್ರೈವ್, ಅಂದರೆ ವಿಎಫ್‌ಡಿ, ಹೋದ ಹಾಗೆ. ಆ ಸ್ವಿಚ್ಚಿನ ಕೆಲಸವನ್ನು ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್‌ಗೆ ಬಿಡಿ. ಕರೆಂಟ್ ಸಪ್ಲೈಯನ್ನು ಅಪ್ಪಿತಪ್ಪಿಯೂ ಯು, ವಿ, ಡಬ್ಲ್ಯುಗೆ ಕೊಡಬೇಡಿ. ಮೋಟಾರ್, ಲೇತ್ ಎರಡಕ್ಕೂ ಅರ್ಥಿಂಗ್ ಇರಲೇಬೇಕು. ಇದೆಲ್ಲ ಕೈಹಿಡಿಯದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ವಿಎಫ್‌ಡಿ ಪೆಟ್ಟಿಗೆಗೆ ಲೋಹದ ಸಿಪ್ಪೆ ಹಾರಿ ಬರದ ಜಾಗ ನೋಡಿ. ಅದರ ಫ್ಯಾನ್ ಗಾಳಿಯ ಜೊತೆ ಸಿಪ್ಪೆಯನ್ನೂ ಒಳಗೆಳೆದು ಶಾರ್ಟ್ ಆಗುತ್ತದೆ.

ಹೆಜ್ಜೆ 5: ವಿಎಫ್‌ಡಿ ಸೆಟ್ಟಿಂಗ್‌ನಲ್ಲಿ ಬೇಸ್ ಫ್ರೀಕ್ವೆನ್ಸಿ ಪ್ಲೇಟಿನಲ್ಲಿದ್ದಷ್ಟು ಇಡಿ, ಸಾಮಾನ್ಯವಾಗಿ 50 ಹರ್ಟ್ಸ್. ಕರೆಂಟ್ ಹೋಗಿ ಬಂದರೆ ತಾನೇ ಸ್ಟಾರ್ಟ್ ಆಗುವ ಆಯ್ಕೆಯನ್ನು ಆಫ್ ಮಾಡಿ. ನಿಲ್ಲುವ ಸಮಯವನ್ನು ತೀರಾ ಕಡಿಮೆ ಇಡಬೇಡಿ. ಭಾರದ ಚಕ್ (ಕೆಲಸದ ತುಂಡನ್ನು ಹಿಡಿಯುವ ಭಾಗ) ಇದ್ದರೆ ಓವರ್‌ವೋಲ್ಟೇಜ್ ತೋರಿಸಿ ಡ್ರೈವ್ ಟ್ರಿಪ್ ಆಗುತ್ತದೆ. ಥ್ರೆಡ್‌ನಲ್ಲಿ ತಿರುಗಿಸಿ ಹಾಕುವ ಚಕ್ ಆದರೆ ಥಟ್ಟನೆ ನಿಲ್ಲಿಸಿದಾಗ ಬಿಚ್ಚಿಕೊಂಡು ಉರುಳಿಬರಬಹುದು.

ಬೆಲ್ಟ್, ಪುಲ್ಲಿ ಇನ್ಯಾಕೆ ಅಂತ ಕಿತ್ತು ಹಾಕುವವರಿದ್ದಾರೆ. ಸುತರಾಂ ಬೇಡ! 25 ಹರ್ಟ್ಸ್‌ಗೆ ಇಳಿಸಿದರೆ ಮೋಟಾರ್‌ನ ಪವರ್ರೂ ಅರ್ಧ. ದಪ್ಪ ಕೆಲಸಕ್ಕೆ ಬೆಲ್ಟನ್ನೇ ನಿಧಾನದ ಪುಲ್ಲಿಗೆ ಹಾಕಿ. ನಾಬ್ ಇರುವುದು ಸ್ವಲ್ಪ ಆಚೀಚೆ ಮಾಡಲು. ಜಾಸ್ತಿ ಹೊತ್ತು ತೀರಾ ನಿಧಾನ ಓಡಿಸಿದರೆ ಮೋಟಾರ್‌ನ ಸ್ವಂತ ಫ್ಯಾನಿನ ಗಾಳಿ ಸಾಲುವುದಿಲ್ಲ, ಮುಟ್ಟಿ ನೋಡುತ್ತಿರಿ.

ಮೊದಲ ಸಲ ಚಕ್ ತೆಗೆದೇ ಓಡಿಸಿ. ಉಲ್ಟಾ ತಿರುಗಿದರೆ ಸಪ್ಲೈ ತೆಗೆದು, ಒಳಗಿನ ಕೆಪಾಸಿಟರ್ ಖಾಲಿಯಾಗಲು ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾದು, ಮೋಟಾರ್‌ನ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.