ವಿಮ್‌ನಲ್ಲಿ ನಿಮ್ಮದೇ ಕಮಾಂಡ್: ಹೊರಗಿನ ಪ್ರೋಗ್ರಾಂ ಓಡಿಸುವುದು ಹೇಗೆ?

ವಿಮ್ ಎಡಿಟರ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸುವುದು ಸುಲಭ. ಅದನ್ನೇ ಸ್ವಂತ ಕಮಾಂಡ್ ಮಾಡಿಕೊಳ್ಳುವಾಗ ಹೆಚ್ಚಿನವರು ಎಡವುತ್ತಾರೆ. ಪ್ರೋಗ್ರಾಂಗೆ ಹೋಗುತ್ತಿರುವುದು ಫೈಲಿನ ಹೆಸರೋ, ಪರದೆಯ ಮೇಲಿನ ಪಠ್ಯವೋ ಎಂದು ನೋಡಿಕೊಳ್ಳದಿರುವುದೇ ಕಾರಣ. (ಇಲ್ಲಿನ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು: 'ಆರ್' ಎಂದರೆ r, 'ಡಬ್ಲ್ಯುಸಿ' ಎಂದರೆ wc, ಹೀಗೆ.)

ಹಂತ 1: ಪ್ರೋಗ್ರಾಂ ಅನ್ನು ಮೊದಲು ಟರ್ಮಿನಲ್‌ನಲ್ಲಿ ಓಡಿಸಿ ನೋಡಿ. ಶೆಲ್‌ನ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅಲಿಯಾಸ್‌ಗಳು, ಅಂದರೆ ಕಮಾಂಡ್‌ಗಳಿಗೆ ನೀವಿಟ್ಟ ಅಡ್ಡಹೆಸರುಗಳು, ವಿಮ್ ಒಳಗೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ; ವಿಮ್ ತೆರೆಯುವ ಶೆಲ್ ಇಂಟರಾಕ್ಟಿವ್ (ನೀವು ಕೂತು ಟೈಪ್ ಮಾಡುವಂಥದ್ದು) ಅಲ್ಲ. ಸೆಟ್ಟಿಂಗ್ ಬದಲಿಸಿ ಇಂಟರಾಕ್ಟಿವ್ ಮಾಡುವ ಅಡ್ಡದಾರಿ ಬೇಡ, ಪ್ರತಿ ಸಲವೂ ನಿಧಾನವಾಗುತ್ತದೆ. ಅಲಿಯಾಸ್ ಅನ್ನು ಪುಟ್ಟ ಸ್ಕ್ರಿಪ್ಟ್ ಮಾಡಿ, ಪಾತ್‌ನಲ್ಲಿರುವ (ಶೆಲ್ ಪ್ರೋಗ್ರಾಂಗಳನ್ನು ಹುಡುಕುವ ಪಟ್ಟಿಯಲ್ಲಿರುವ) ಫೋಲ್ಡರಿಗೆ ಹಾಕಿ.

ಹಂತ 2: ದಾರಿ ಆರಿಸಿ. :%!ಸಾರ್ಟ್ ಎಂದರೆ ಇಡೀ ಪಠ್ಯ 'ಸಾರ್ಟ್' ಎಂಬ, ಸಾಲು ವಿಂಗಡಿಸುವ ಪ್ರೋಗ್ರಾಂಗೆ ಹೋಗಿ, ಬಂದ ಉತ್ತರ ಅದರ ಜಾಗದಲ್ಲಿ ಕೂರುತ್ತದೆ. :ಆರ್ !ಡೇಟ್ ಉತ್ತರವನ್ನು ಕರ್ಸರ್‌ನ ಕೆಳಗೆ ಸೇರಿಸುತ್ತದೆ. :ಡಬ್ಲ್ಯು !ಡಬ್ಲ್ಯುಸಿ (ಸಾಲು, ಪದ ಎಣಿಸುವ ಪ್ರೋಗ್ರಾಂ) ಪಠ್ಯವನ್ನು ಮುಟ್ಟದೆ ಉತ್ತರವನ್ನಷ್ಟೇ ತೋರಿಸುತ್ತದೆ. ಈ ಕೊನೆಯದರಲ್ಲಿ ಆಶ್ಚರ್ಯಸೂಚಕದ ಮುಂಚಿನ ಖಾಲಿ ಜಾಗ ಬಿಟ್ಟುಹೋದರೆ, ನಿಮ್ಮ ಪಠ್ಯ 'ಡಬ್ಲ್ಯುಸಿ' ಎಂಬ ಫೈಲಿಗೆ ಬಲವಂತವಾಗಿ ಸೇವ್ ಆಗುತ್ತದೆ.

ಹಂತ 3: ವಿಮ್‌ಆರ್‌ಸಿ ಫೈಲಿನಲ್ಲಿ (ವಿಮ್‌ನ ಸೆಟ್ಟಿಂಗ್ ಫೈಲು) ಬರೆಯಿರಿ:

ಕಮಾಂಡ್! -ರೇಂಜ್=% ವಿಂಗಡ <ಲೈನ್1>,<ಲೈನ್2>!ಸಾರ್ಟ್

ಇಲ್ಲಿ 'ವಿಂಗಡ' ನಿಮ್ಮ ಕಮಾಂಡಿನ ಹೆಸರು; ಅದರ ಮೊದಲ ಇಂಗ್ಲಿಷ್ ಅಕ್ಷರ ಕ್ಯಾಪಿಟಲ್ ಆಗಿರಲೇಬೇಕು. ಸಾಲುಗಳನ್ನು ಸೆಲೆಕ್ಟ್ ಮಾಡಿದ್ದರೆ ಅವಷ್ಟೇ, ಇಲ್ಲದಿದ್ದರೆ ಇಡೀ ಫೈಲು ವಿಂಗಡವಾಗುತ್ತದೆ. ಪ್ರೋಗ್ರಾಂ ಸೋತರೆ ಪಠ್ಯದ ಜಾಗದಲ್ಲಿ ಎರರ್ ಮೆಸೇಜು ಬಂದು ಕೂರಬಹುದು. ಗಾಬರಿ ಬೇಡ, 'ಯು' ಒತ್ತಿದರೆ ಎಲ್ಲ ವಾಪಸ್. ಇದೇ ಕಾರಣಕ್ಕೆ ಇಂಥ ಕಮಾಂಡನ್ನು ಸೇವ್ ಮಾಡುವಾಗ ತಾನಾಗಿ ಓಡುವಂತೆ ಕಟ್ಟಬೇಡಿ.

ಹಂತ 4: ಫೈಲಿನ ಹೆಸರು ಕಳಿಸುವುದು. ನಿಜವಾದ ತೊಡಕು ಇಲ್ಲಿದೆ. ಹೊರಗಿನ ಕಮಾಂಡ್‌ನಲ್ಲಿ, ಅಂದರೆ ಆಶ್ಚರ್ಯಸೂಚಕದ ನಂತರ, % ಎಂದು ಬರೆದರೆ ವಿಮ್ ಅಲ್ಲಿ ಈಗಿನ ಫೈಲಿನ ಹೆಸರು ತುಂಬುತ್ತದೆ. ಆದರೆ ಪ್ರೋಗ್ರಾಂ ಓದುವುದು ಡಿಸ್ಕ್‌ನಲ್ಲಿರುವ ಪ್ರತಿಯನ್ನು. ಸೇವ್ ಮಾಡದ ತಿದ್ದುಪಡಿ ಅದಕ್ಕೆ ಕಾಣುವುದಿಲ್ಲ. 'ಸರಿಪಡಿಸಿದರೂ ಅದೇ ಎರರ್' ಎಂಬ ಗೊಣಗಾಟ ಬಹುಪಾಲು ಇದರಿಂದಲೇ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಶೆಲ್ ಅದನ್ನು ಎರಡು ಫೈಲೆಂದು ತಿಳಿಯುತ್ತದೆ. % ಸುತ್ತ ಕೋಟ್ ಹಾಕಿ ಕೈತೊಳೆದುಕೊಂಡರೆ, ಹೆಸರಿನಲ್ಲೇ ಕೋಟ್ ಇದ್ದ ದಿನ ಅದೂ ಮುರಿಯುತ್ತದೆ. ಸರಿಯಾದ ರೂಪ ಇದು:

ಕಮಾಂಡ್! ಓಡಿಸು ಅಪ್‌ಡೇಟ್ | ಎಕ್ಸಿಕ್ಯೂಟ್ '!ಪೈಥಾನ್3 ' . ಶೆಲ್‌ಎಸ್ಕೇಪ್(ಎಕ್ಸ್‌ಪ್ಯಾಂಡ್('%:ಪಿ'), 1)

'ಅಪ್‌ಡೇಟ್' ಬದಲಾವಣೆ ಇದ್ದರೆ ಮಾತ್ರ ಸೇವ್ ಮಾಡುತ್ತದೆ. '%:ಪಿ' ಫೈಲಿನ ಹೆಸರನ್ನು ಅದಿರುವ ಫೋಲ್ಡರುಗಳ ಸಮೇತ ಪೂರ್ತಿ ಕೊಡುವುದರಿಂದ, ಹೈಫನ್‌ನಿಂದ ಶುರುವಾಗುವ ಹೆಸರನ್ನು ಪ್ರೋಗ್ರಾಂ ಆಪ್ಶನ್ ಎಂದುಕೊಳ್ಳುವುದಿಲ್ಲ. ಕೊನೆಯ 1 ಬಿಡಬೇಡಿ: ಹೆಸರಿನೊಳಗೇ %, # ಅಥವಾ ! ಇದ್ದರೆ ವಿಮ್ ಅದರ ಜಾಗದಲ್ಲಿ ಬೇರೇನೋ ತುಂಬದಂತೆ ತಡೆಯುವುದು ಅದೇ. ಪೈಥಾನ್3 ಜಾಗಕ್ಕೆ ನಿಮಗೆ ಬೇಕಾದ ಪ್ರೋಗ್ರಾಂ ಹಾಕಿಕೊಳ್ಳಿ. ಪ್ರೋಗ್ರಾಂಗೇ % ಕಳಿಸಬೇಕಿದ್ದರೆ, ಉದಾಹರಣೆಗೆ ಡೇಟ್‌ನ ಫಾರ್ಮ್ಯಾಟ್‌ನಲ್ಲಿ, \% ಎಂದು ಬರೆಯಬೇಕು.

ಪ್ರೋಗ್ರಾಂಗೆ ಪಠ್ಯವನ್ನೇ ನೇರ ಓದಲು ಬರುವುದಾದರೆ ಈ ತಾಪತ್ರಯವೇ ಬೇಡ, ಹಂತ 3ರ ದಾರಿಯನ್ನೇ ಹಿಡಿಯಿರಿ. ಇಷ್ಟಕ್ಕೆಲ್ಲ ಭಾರದ ಪ್ಲಗಿನ್ ಹಾಕಿಕೊಳ್ಳುವುದು ದಂಡ.

ಹಂತ 5: ಉತ್ತರ ಬೇಡ, ಕೆಲಸವಾದರೆ ಸಾಕು ಎಂದಾದರೆ ಆಶ್ಚರ್ಯಸೂಚಕದ ಮುಂಚೆ 'ಸೈಲೆಂಟ್' ಸೇರಿಸಿ. ಟರ್ಮಿನಲ್‌ನಲ್ಲಿ ಪರದೆ ಕಲಸಿಹೋದರೆ :ರೀಡ್ರಾ! ಕೊಡಿ.