ಅರ್ಧಕ್ಕೆ ನಿಂತ ಡಿಲೈಟ್ ಕಾರನ್ನು ಮಾರಿದ್ದು: ನನ್ನ ಅನುಭವ

"ಬಿಡಿಬಿಡಿಯಾಗಿ ಮಾರಲು ಹೋದರೆ ಕೊನೆಗೆ ಬಾಡಿ ನಿನ್ನ ಕೊರಳಿಗೇ ಬೀಳುತ್ತದೆ. ಇದ್ದ ಹಾಗೆ ಕೊಟ್ಟು ಕೈತೊಳೆದುಕೋ" ಎಂದು ನಮ್ಮ ಭಾವ ಹೇಳಿದರು. ಮಿಸ್ತ್ರಿಯದೂ ಅದೇ ಮಾತು. ಗುಜರಿಯವನು ತೂಕದ ಲೆಕ್ಕದಲ್ಲಿ 20,000 ಎಂದಿದ್ದ. ಇಡೀ ಕಾರನ್ನು ಒಟ್ಟಿಗೆ ಕೇಳಿದವರಲ್ಲಿ ಅತಿ ಹೆಚ್ಚು ಹೇಳಿದವರು 55,000ಕ್ಕೆ ನಿಂತಿದ್ದರು. ನನ್ನ ಕೈಗೆ ಬಂದದ್ದು ಸುಮಾರು ಒಂದೂವರೆ ಲಕ್ಷ.

ಕಾರು 1968ರ ಫಿಯಟ್ 1100 ಡಿಲೈಟ್. ದುರಸ್ತಿ ಮಾಡಿ ಮತ್ತೆ ಓಡಿಸೋಣವೆಂದು ನಾಲ್ಕು ವರ್ಷದ ಹಿಂದೆ 60,000ಕ್ಕೆ ತಂದಿದ್ದೆ, ಕೆಲಸ ಅರ್ಧಕ್ಕೆ ನಿಂತಿತ್ತು. ಟಿಂಕರಿಂಗ್, ಎಂಜಿನ್ ಬೋರಿಂಗ್, ಕಂಡಲ್ಲೆಲ್ಲ ಕೊಂಡ ಬಿಡಿಭಾಗ ಎಂದು ಇನ್ನೂ ಒಂದು ಲಕ್ಷದ ನಲವತ್ತು ಸಾವಿರ ಹೋಗಿರಬೇಕು. ಶೆಡ್ಡಿನ ಮಾಲೀಕರು ಜಾಗ ಬಿಟ್ಟುಕೊಡಿ ಎಂದರು. ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿಯಲು ಎಂಟೇ ತಿಂಗಳು ಉಳಿದಿತ್ತು. ಅದು ಮುಗಿದರೆ ನವೀಕರಣಕ್ಕೆ ಓಡುವ ಕಾರನ್ನೇ ತಪಾಸಣೆಗೆ ಒಯ್ಯಬೇಕು. ಹಾಗಾಗಿ ಮಾರುವುದೆಂದು ಗಟ್ಟಿ ಮನಸ್ಸು ಮಾಡಿದೆ.

ಮೊದಲ ತಪ್ಪನ್ನು ಮೊದಲ ವಾರದಲ್ಲೇ ಮಾಡಿದೆ. ಹೊಳೆಯುವುದನ್ನೆಲ್ಲ ಮುಂದೆ ಇಟ್ಟೆ. ಗ್ರಿಲ್, ಬಂಪರ್, ಚಕ್ರದ ಕ್ಯಾಪುಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋದವು, 14,000 ಬಂತು. ಆಮೇಲೆ ಬಾಡಿ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಗ್ರಿಲ್ ಎಲ್ಲಿ?" ಮೂವರು ಹಾಗೆಯೇ ಹಿಂದಿರುಗಿದರು. ಕೊನೆಗೆ ಆ ಗ್ರಿಲ್ಲನ್ನು 3,000 ಹೆಚ್ಚು ಕೊಟ್ಟು ವಾಪಸ್ ಕೊಂಡೆ. ಬಾಡಿ ಹೋಗುವವರೆಗೆ ಅದರ ಮುಖ ಕೀಳಬಾರದು.

ಎರಡನೆಯದು ಕೂದಲೆಳೆಯಲ್ಲಿ ತಪ್ಪಿತು. ಎಂಜಿನ್ ಒಂದಕ್ಕೇ ಒಬ್ಬರು 22,000 ಹೇಳಿದರು. ಮುಂಗಡ ಹಿಡಿದವನು ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಹಿಂದಿರುಗಿಸಿದೆ. ಆರ್‌ಸಿಯಲ್ಲಿ ಚಾಸಿ ಸಂಖ್ಯೆಯ ಜೊತೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಅಲ್ಲದೆ 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ವಾಹನಗಳಿಗೆಂದೇ ಇರುವ 'ವಿಎ' ಸಂಖ್ಯೆ ಬೇಕೆಂದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಒಳ್ಳೆಯ ಗಿರಾಕಿಗಳ ಕಣ್ಣು ಅಲ್ಲಿಯೇ ಇತ್ತು. ಬಾಡಿ, ಎಂಜಿನ್, ಗೇರ್ ಬಾಕ್ಸ್, ಬಾಗಿಲು, ಗಾಜು, ಗ್ರಿಲ್, ಆರ್‌ಸಿ ಇಷ್ಟನ್ನು ಒಂದು ಗಂಟು ಮಾಡಿದೆ. ಉಳಿದದ್ದು ಬಿಡಿ. ನನ್ನ ವಿಧಾನದ ತಿರುಳು ಇದೇ.

ಇನ್ನೊಬ್ಬರು 5,000 ಮುಂಗಡ ಕೊಟ್ಟು ಎರಡು ತಿಂಗಳು ಕಾಯಿಸಿ ಕೈಕೊಟ್ಟರು. ಅಂದಿನಿಂದ ಏಳು ದಿನದ ಗಡುವು, ಬರವಣಿಗೆಯಲ್ಲಿ.

ತುಕ್ಕನ್ನು ನಾನು ಮುಚ್ಚಲಿಲ್ಲ. ಕಾಲಿಡುವ ಕಡೆಯ ತಗಡನ್ನು ಕೆರೆದು, ತೂತುಗಳ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಕೊನೆಗೆ ಕೊಂಡವರು ಬಟ್ಟೆ ಸುತ್ತಿದ ಅಯಸ್ಕಾಂತ ತಂದಿದ್ದರು; ಅದು ತಗಡಿಗೆ ಅಂಟುತ್ತದೆ, ತಗಡಿನ ಮೇಲೆ ಮೆತ್ತಿದ ಪುಟ್ಟಿಗೆ ಅಂಟುವುದಿಲ್ಲ. ಮೊಣಕಾಲೂರಿ ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಅದನ್ನು ಎಳೆಯುತ್ತ ಹೋದರು. ಹಿಂದಿನ ಚಕ್ರಕ್ಕೆ ಹತ್ತಿರವಾಗುತ್ತಿದ್ದಂತೆ ನಾನೇ, "ಇನ್ನು ಒಂದು ಗೇಣು ಪುಟ್ಟಿ ಇದೆ, ಅಂಟುವುದಿಲ್ಲ" ಎಂದೆ. ಅಂಟಲಿಲ್ಲ. ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡವರು ಮತ್ತೆ ತೆಗೆಯಲೇ ಇಲ್ಲ. ಚೌಕಾಸಿಯಲ್ಲಿ 5,000 ಮಾತ್ರ ಇಳಿದು 92,000ಕ್ಕೆ ಗಂಟು ಹೋಯಿತು.

ಬಿಡಿಭಾಗಗಳಲ್ಲಿ ಯಂತ್ರದ ಸಾಮಾನಿಗೆ ಆಸೆಪಡಬೇಡಿ. ಬಹುಪಾಲು ಇದೇ ಕಾರಿನ ನಂತರದ ರೂಪವಾದ ಪದ್ಮಿನಿಯದೇ, ಮುಂಬೈಯಲ್ಲಿ 2023ರವರೆಗೂ ಪದ್ಮಿನಿ ಟ್ಯಾಕ್ಸಿ ಓಡಿದೆ, ಹಾಗಾಗಿ ಅಂಥ ಸಾಮಾನು ಸುಲಭವಾಗಿ ಸಿಗುತ್ತದೆ. ಬೆಲೆ ಇರುವುದು ಡಿಲೈಟ್‌ಗೆ ಮಾತ್ರ ಕೂರುವ ಅಲಂಕಾರದ ತುಣುಕುಗಳಿಗೆ. ಅವುಗಳನ್ನು ಯಾವ ಸರದಿಯಲ್ಲಿ ಹೊರಗೆ ತೆಗೆದೆ, ಯಾರಿಗೆ ಮೊದಲು ತೋರಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಬೋಲ್ಟುಗಳ ಚೀಲದ ಮೇಲೆ ಮಾರ್ಕರಿನಲ್ಲಿ ಬರೆಯಬೇಡಿ, ಎಣ್ಣೆ ತಾಗಿದರೆ ಅಳಿಸುತ್ತದೆ. ರಟ್ಟಿನ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಒಳಗೆ ಹಾಕಿ.

ಮಧ್ಯೆ ತುಕ್ಕು ತೆಗೆಯಲು ಕಾಕಂಬಿಯ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ಪ್ರಯೋಗ ಮಾಡಿದೆ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ವಾರ. ಶೆಡ್ಡಿಗೆಲ್ಲ ಹುಳಿ ವಾಸನೆ, ಆದರೆ ತುಕ್ಕುಗಟ್ಟಿದ ಕೀಲು, ಸೀಟಿನ ಹಳಿಗಳು ಬೂದುಬಣ್ಣಕ್ಕೆ ತಿರುಗಿ ಶುದ್ಧವಾಗಿ ಬಂದವು. ತೊಳೆದ ಕೂಡಲೇ ಎಣ್ಣೆ ಸವರಬೇಕು, ಇಲ್ಲವಾದರೆ ಸಂಜೆಯೊಳಗೆ ಮತ್ತೆ ಕೆಂಪು. ಬಾಗಿಲಿನ ಹಿಡಿಯೊಂದು ಅದರೊಳಗೆ ಸೇರಿಬಿಟ್ಟಿತ್ತು. ಅದು ಸತುವಿನ ಎರಕ, ಪೂರಾ ತಿಂದುಹೋಗಿತ್ತು, 1,200 ನಷ್ಟ. ವಾಷಿಂಗ್ ಸೋಡಾ ನೀರಿಗೆ ಬ್ಯಾಟರಿ ಚಾರ್ಜರ್ ಕೊಟ್ಟರೆ ಕೆಲಸ ಬೇಗ. ಆದರೆ ಧನ (ಪ್ಲಸ್) ತಂತಿಗೆ ಮಾಮೂಲಿ ಕಬ್ಬಿಣವನ್ನೇ ಕಟ್ಟಿ, ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. 300ಕ್ಕೂ ಕೇಳದ ಕೀಲುಗಳ ಜೋಡಿ ಹೀಗೆ ತೊಳೆದ ಮೇಲೆ 900ಕ್ಕೆ ಹೋಯಿತು. ಬಿಡಿಭಾಗಗಳಿಂದಲೇ 58,000ದ ಆಸುಪಾಸು ಬಂತು.

ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಚಾಸಿ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕೊಟ್ಟೆ. ಎಲ್ಲದರ ನಕಲು ನನ್ನ ಹತ್ತಿರ ಇಟ್ಟುಕೊಂಡೆ. ಹೆಸರು ಬದಲಾಗುವವರೆಗೆ ಆ ಕಾರಿನ ಹೊಣೆ ನಮ್ಮದೇ, ಹಾಗಾಗಿ ದಿನವೂ ಮೊಬೈಲಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡುತ್ತಿದ್ದೆ. ಹತ್ತೊಂಬತ್ತನೆಯ ದಿನ ಹೊಸ ಹೆಸರು ಕಾಣಿಸಿತು. ಶೆಡ್ಡಿನಲ್ಲಿ ಈಗ ಉಳಿದಿರುವುದು ಒಂದು ಜೊತೆ ಪಟ್ಟಿ ಸ್ಪ್ರಿಂಗು, ಒಂದು ರೇಡಿಯೇಟರ್. ಅವೆರಡಕ್ಕೂ ಮಾತಾಗಿದೆ.