ಲೂಪ್ ಇಲ್ಲದೆ ಹ್ಯಾಸ್ಕೆಲ್ ಕಲಿತಿದ್ದು

ಮೊದಲ ಸಲ ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತಾಗ ನೇರವಾಗಿ ಮೊನಾಡ್‌ಗೇ (ಒಂದರ ಫಲಿತಾಂಶ ಮುಂದಿನದಕ್ಕೆ ಸಾಗುವಂತೆ ಹೆಜ್ಜೆಗಳನ್ನು ಜೋಡಿಸುವ ವಿಧಾನ) ಕೈ ಹಾಕಿದೆ. ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ, ಅಲ್ವಾ? ಎರಡು ವಾರ ಸುಮ್ನೆ ಓದಿದೆ. ಒಂದು ಸಾಲು ಕೋಡ್ ಬರೆಯಲಿಲ್ಲ. ಬಿಟ್ಟುಬಿಟ್ಟೆ.

ಎರಡನೇ ಸಲ ಓದುವುದನ್ನು ಪಕ್ಕಕ್ಕಿಟ್ಟು, ದಿನಕ್ಕೊಂದು ಪುಟ್ಟ ಫಂಕ್ಷನ್ ಬರೆದು ಜಿಎಚ್‌ಸಿಐನಲ್ಲಿ (ಹ್ಯಾಸ್ಕೆಲ್ ಕೋಡ್ ಬರೆದ ಕೂಡಲೇ ಪರೀಕ್ಷಿಸುವ ಸಾಧನ) ಓಡಿಸಿ ನೋಡತೊಡಗಿದೆ. ಮೊದಲನೆಯದು ಲಿಸ್ಟ್‌ನ ಸಂಖ್ಯೆಗಳನ್ನು ಕೂಡುವುದು. ಪೈಥಾನ್‌ನಲ್ಲಾದರೆ ಎರಡು ನಿಮಿಷದ ಕೆಲಸ. ಇಲ್ಲಿ ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ) ಇಲ್ಲ. ಒಂದು ಹೆಸರಿಗೆ ಕೊಟ್ಟ ಬೆಲೆ ಆಮೇಲೆ ಬದಲಾಗುವುದೂ ಇಲ್ಲ. ಹಾಗಾದರೆ ಮೊತ್ತವನ್ನು ಎಲ್ಲಿ ಕೂಡಿಡುವುದು? ಅರ್ಧ ದಿನ ತಲೆ ಕೆಡಿಸಿಕೊಂಡೆ.

ಕೊನೆಗೆ ಹಾಳೆ ಮೇಲೆ ಬರೆದೆ: ಲಿಸ್ಟ್‌ನ ಮೊತ್ತ ಅಂದರೆ ಮೊದಲ ಸಂಖ್ಯೆಗೆ ಉಳಿದವುಗಳ ಮೊತ್ತ ಕೂಡಿದ್ದು. ಅದನ್ನೇ ಕೋಡ್ ಮಾಡಿ ಓಡಿಸಿದರೆ ಎರರ್! ಲಿಸ್ಟ್ ಖಾಲಿಯಾದಾಗ ಏನು ಮಾಡಬೇಕು ಅಂತ ನಾನು ಹೇಳಿರಲೇ ಇಲ್ಲ. ‘ಖಾಲಿ ಇದ್ದರೆ 0’ ಅನ್ನುವ ಸಾಲು ಸೇರಿಸಿದೆ. [3, 4, 5] ಕೊಟ್ಟೆ. ಅದು 3 + (4 + (5 + 0)) ಅಂತ ಬಿಚ್ಚಿಕೊಂಡು 12 ಬಂತು. ಪ್ರತಿ ಹೆಜ್ಜೆಯನ್ನೂ ಪೆನ್ನಿನಲ್ಲಿ ಬರೆದು ನೋಡಿದ್ದೆ. ಹೀಗೆ ಫಂಕ್ಷನ್ ತನ್ನನ್ನು ತಾನೇ ಕರೆಯುವ ರಿಕರ್ಷನ್ ಬಗ್ಗೆ ಇದ್ದ ಭಯ ಅವತ್ತೇ ಹೋಯಿತು.

ಆಮೇಲೆ ಗುಣಾಕಾರ, ಲಿಸ್ಟ್‌ನ ಉದ್ದ. ಮೂರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಬೇರೆ ಇದ್ದದ್ದು ಎರಡೇ: ಖಾಲಿ ಲಿಸ್ಟ್‌ಗೆ ಕೊಡುವ ಬೆಲೆ (ಗುಣಾಕಾರಕ್ಕೆ 0 ಅಲ್ಲ, 1) ಮತ್ತು ಸೇರಿಸುವ ರೀತಿ. ಆ ಎರಡನ್ನು ಹೊರಗಿನಿಂದ ಕೊಟ್ಟರೆ ಉಳಿಯುವುದೇ ಫೋಲ್ಡ್! ಓದಿದಾಗ ತಲೆಗೆ ಹತ್ತದ್ದು ಬರೆದಾಗ ಹತ್ತಿತು. ಮ್ಯಾಪ್ (ಲಿಸ್ಟ್‌ನ ಪ್ರತಿಯೊಂದನ್ನೂ ಬದಲಿಸುವುದು), ಫಿಲ್ಟರ್ (ಬೇಕಾದ್ದನ್ನು ಮಾತ್ರ ಆರಿಸುವುದು) ಎಲ್ಲ ರೆಡಿಯಾಗಿ ಸಿಗುತ್ತವೆ, ನಿಜ. ಆದರೂ ಒಮ್ಮೆ ನೀವೇ ಬರೆದು ನೋಡಿ. ಕಂಪೈಲರ್‌ನ ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿಕೊಳ್ಳಿ. ಖಾಲಿ ಲಿಸ್ಟ್ ಮರೆತರೆ ಓಡಿಸುವ ಮೊದಲೇ ಹೇಳುತ್ತದೆ.

ತಿಂಗಳಾದ ಮೇಲೆ ಖರ್ಚಿನ ಲೆಕ್ಕದ ಒಂದು ಪ್ರೋಗ್ರಾಂ ಬರೆದೆ. ಫೈಲ್ ಓದುವುದು, ಪ್ರಿಂಟ್ ಮಾಡುವುದು ಪ್ರೋಗ್ರಾಂ ಶುರುವಾಗುವ ಮೇನ್‌ನಲ್ಲಿ ಮಾತ್ರ. ಉಳಿದದ್ದೆಲ್ಲ ಶುದ್ಧ ಫಂಕ್ಷನ್‌ಗಳು, ಅಂದರೆ ಅದೇ ಇನ್‌ಪುಟ್‌ಗೆ ಯಾವಾಗಲೂ ಅದೇ ಉತ್ತರ ಕೊಡುವಂಥವು. ಟೆಸ್ಟ್ ಮಾಡುವುದು ಎಷ್ಟು ಸಲೀಸು ಅಂತ ಆಗ ಗೊತ್ತಾಯಿತು. ಅದರಲ್ಲಿ ಒಂದರ ಹಿಂದೆ ಒಂದು ಮೂರು ಕಡೆ ಹುಡುಕಬೇಕಿತ್ತು. ಯಾವುದು ಬೇಕಾದರೂ ಸಿಗದೇ ಇರಬಹುದು, ಹಾಗಾಗಿ ಪ್ರತಿಯೊಂದೂ ಮೇಬಿ (‘ಸಿಕ್ಕಿದ್ದು ಇದು’ ಅಥವಾ ‘ಏನೂ ಇಲ್ಲ’ ಅನ್ನುವ ಉತ್ತರ) ಕೊಡುತ್ತದೆ. ಸಿಕ್ಕಿತೋ ಇಲ್ಲವೋ ಅಂತ ನೋಡುವ ಕೇಸ್ ಒಳಗೆ ಕೇಸ್, ಅದರೊಳಗೆ ಇನ್ನೊಂದು. ಅದನ್ನೇ ಹೆಜ್ಜೆಗಳನ್ನು ಒಂದರ ಕೆಳಗೊಂದು ಬರೆಯುವ ‘ಡೂ’ ಬಳಸಿ ಬರೆದಾಗ ಸಾಲಾಗಿ ಮೂರು ಸಾಲು ಆಯಿತು, ನಡುವೆ ಒಂದು ಸಿಗದಿದ್ದರೆ ತಾನೇ ನಿಲ್ಲುತ್ತಿತ್ತು. ಎರಡು ವಾರ ಓದಿ ಬಿಟ್ಟಿದ್ದ ಮೊನಾಡ್ ಅದೇ ಆಗಿತ್ತು.